ಅಂಬ್ರೋಸಿಯ ಜಿರಾಫೆಯನ್ನು ಇಳಿಸಿದ ಮಗಳು

ನಮ್ಮ ಬಡಾವಣೆಗೆ ಬರುವ ವ್ಯಾನಿನವನಿಗೆ ಇವತ್ತಿಗೂ "ಜಿರಾಫೆ ಹತ್ರ ನಿಲ್ಸಪ್ಪ" ಎಂದರೆ ಸಾಕು, ನನ್ನ ರೊಟ್ಟಿ ಅಂಗಡಿಯ ಎದುರಿಗೆ ತಂದು ನಿಲ್ಲಿಸುತ್ತಾನೆ. ಹೊಸಬರು ಇಳಿದು ಅತ್ತ ಇತ್ತ ನೋಡುತ್ತಾರೆ. ಜಿರಾಫೆ ಎಲ್ಲೂ ಇಲ್ಲ. ಇರುವುದು ಒಂದಷ್ಟು ಹಿಪ್ಪುನೇರಳೆ ಮರ, ಎರಡು ಬೆಂಚು, ಮಕ್ಕಳು ಚೆಂಡಾಡುವ ಬಯಲು. ಕೆಲವರು ಅಂಗಡಿಗೆ ಬಂದು ಕೇಳುತ್ತಾರೆ. ಬಿಡುವಿದ್ದರೆ ಹೇಳುತ್ತೇನೆ: ಇತ್ತು, ಐವತ್ತು ವರ್ಷಕ್ಕೂ ಮೇಲೆ ಇತ್ತು, ಕಟ್ಟಿದವನು ಅಂಬ್ರೋಸಿ ತಾತ, ತೆಗೆಸಿದವಳು ಅವನ ಸ್ವಂತ ಮಗಳು ತ್ಸಿಯಾಲಕ್ಕ. ತೆಗೆಸಿದಳು ಎಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ಅರ್ಧ ಕೇಳಿದರೆ ಹಾಗೇ ಆಗುವುದು. ಈ ಕಥೆಯನ್ನು ಪೂರ್ತಿಯೇ ಕೇಳಬೇಕು.

ತ್ಸಿಯಾಲಾ ಗ್ವೆನೆತಾದ್ಜೆ ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲಾ ಇಲ್ಲೇ, ಕುತಾಯಿಸಿ ನಗರದಲ್ಲಿ, ರಿಯೋನಿ ಹೊಳೆಯ ಈಚೆ ದಡದಲ್ಲಿ. ತಾಯಿ ಬೇಗ ತೀರಿಕೊಂಡಳು. ಅಪ್ಪ ಅಂಬ್ರೋಸಿ ಕಾಂಕ್ರೀಟು ಕಾರ್ಖಾನೆಯಲ್ಲಿ ಮೆಟ್ಟಿಲು, ಚಪ್ಪಡಿ ಎರಕ ಹಾಕುವ ಮೇಸ್ತ್ರಿ. ಈ ಸುತ್ತಿನ ಐದಂತಸ್ತಿನ ಮನೆಗಳಲ್ಲಿ ನಾವು ದಿನಾ ಹತ್ತಿ ಇಳಿಯುವ ಮೆಟ್ಟಿಲುಗಳಲ್ಲಿ ಬಹುಪಾಲು ಅವನ ಕೈಯಿಂದ ಬಂದವೇ. ಮಾತು ಕಡಿಮೆ, ಸಿಟ್ಟು ಬೇಗ, ಮಗಳೆಂದರೆ ಜೀವ. ಮಗಳಿಗೆ ಹುಟ್ಟಿದಾಗಿನಿಂದ ಮಾಲುಗಣ್ಣು. ಅಂಗಳದ ಮಕ್ಕಳು ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. ಹತ್ತು ಹನ್ನೊಂದು ವರ್ಷದವಳಿದ್ದಾಗ ಅಪ್ಪ ಅವಳನ್ನು ರಾಜಧಾನಿ ತಿಬಿಲಿಸಿಗೆ ಕರೆದುಕೊಂಡು ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿದ. ಕಟ್ಟು ಬಿಚ್ಚಿದ ಮೇಲೆ, ಊರಿಗೆ ಹೊರಡುವ ಮುಂಚೆ, ಕಣ್ಣಿಗೆ ಏನಾದರೂ ಒಳ್ಳೆಯದು ತೋರಿಸೋಣವೆಂದು ಮೃಗಾಲಯಕ್ಕೆ ಕರೆದೊಯ್ದ. ಅಲ್ಲಿ ಅವಳು ಜಿರಾಫೆ ನೋಡಿದಳು.

ಊರಿಗೆ ಬಂದು ಅಂಗಳದಲ್ಲಿ ಹೇಳಿದಳು, ಅದು ನಮ್ಮ ಕಟ್ಟಡದ ಎರಡನೇ ಅಂತಸ್ತಿನ ಕಿಟಕಿಗೆ ಮೂತಿ ಇಡುತ್ತದೆ ಎಂದು. ಮಕ್ಕಳು ನಂಬಲಿಲ್ಲ. ಪುಸ್ತಕದಲ್ಲಿ ಜಿರಾಫೆ ಅಂಗೈಯಷ್ಟಿರುತ್ತದಲ್ಲ, ಅವರ ಪಾಲಿಗೆ ಅದು ಮೇಕೆಗಿಂತ ತುಸು ದೊಡ್ಡದು. "ಸೊಟ್ಟ ಕಣ್ಣಿಗೆ ಒಂದು ಎರಡಾಗಿ ಕಾಣ್ಸತ್ತೆ, ಕುಳ್ಳಂದು ಉದ್ದ ಕಾಣ್ಸತ್ತೆ" ಎಂದು ನಕ್ಕರು. ಅವಳು ಮನೆಗೆ ಹೋಗಿ ಊಟ ಬಿಟ್ಟು ಕೂತಳು. ಅಂಬ್ರೋಸಿ ಕಾರಣ ಕೇಳಿ ತಿಳಿದುಕೊಂಡ. ಮುಂದಿನ ಭಾನುವಾರ ಅಂಗಳದಲ್ಲಿ ಗುಣಿ ತೋಡತೊಡಗಿದ.

ಬೇಸಿಗೆಯಿಡೀ ಕೆಲಸ ನಡೆಯಿತು. ಕಾರ್ಖಾನೆಯಲ್ಲಿ ಬೇಡವೆಂದು ಬಿಸಾಕಿದ ಕಬ್ಬಿಣದ ಕಂಬಿ, ಮಿಕ್ಕ ಸಿಮೆಂಟು, ಹೊಳೆಯ ಜಲ್ಲಿ. ಕಾರ್ಖಾನೆಯಲ್ಲಿ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ, ಆಗಷ್ಟೇ ಮೀಸೆ ಮೂಡಿದ್ದ ಮುರ್ಮಾನ್ ಗಾರೆ ಕಲಸಲು ಬರುತ್ತಿದ್ದ. ಮೈಮೇಲಿನ ಮಚ್ಚೆಗಳಿಗೆ ಟೈಲ್ಸು ಸಾಲಲಿಲ್ಲ. ಅಂಬ್ರೋಸಿ ಮನೆಮನೆಗೆ ಹೋಗಿ ಒಡೆದ ತಟ್ಟೆ ಬೋಗುಣಿ ಇದ್ದರೆ ಕೊಡಿ ಎಂದು ಕೇಳಿದ. ಕಂದು, ಕೆಂಪು, ನೀಲಿ ಅಂಚಿನವು, ಹೂವಿನವು, ಎಲ್ಲಾ ಬಂದವು. ಹೀಗಾಗಿ ನಮ್ಮ ಜಿರಾಫೆಯ ಮೈಮೇಲೆ ಪ್ರತಿ ಮನೆಯದೂ ಒಂದು ಮಚ್ಚೆ ಇತ್ತು. ಎಡಪಕ್ಕೆಯಲ್ಲಿದ್ದದ್ದು ನಮ್ಮಜ್ಜಿಯ ಸೂಪಿನ ಬೋಗುಣಿ. ನನಗೆ ನಡೆಯಲು ಬರುವ ಮೊದಲೇ ಅದನ್ನು ಮುಟ್ಟಿಸಿದ್ದರಂತೆ.

ಕೆಲಸ ಅರ್ಧ ಆಗಿದ್ದಾಗ ಸರ್ಕಾರದ ಸಾಹೇಬನೊಬ್ಬ ಬಂದು, ಕರಡಿಯೋ ಜಿಂಕೆಯೋ ಆದರೆ ಸರಿ, ಜಿರಾಫೆ ಯಾಕೆ, ಅದು ನಮ್ಮ ದೇಶದ್ದೇ ಅಲ್ಲವಲ್ಲ ಎಂದು ತಕರಾರು ತೆಗೆದ. ಅಂಬ್ರೋಸಿ ಏಣಿಯ ಮೇಲಿಂದಲೇ ಹೇಳಿದನಂತೆ: "ಆಫ್ರಿಕಾದ ಜನ ನಮ್ಮ ಸ್ನೇಹಿತರು ಅಂತ ದಿನಾ ರೇಡಿಯೋದಲ್ಲಿ ಹೇಳ್ತೀರಲ್ಲ ಸ್ವಾಮಿ. ಆ ಸ್ನೇಹ ಇದೇನೆ." ಸಾಹೇಬ ಬಂದ ದಾರಿಯಲ್ಲೇ ವಾಪಸ್ಸು ಹೋದ. ಚಳಿ ಬೀಳುವ ಹೊತ್ತಿಗೆ ತಲೆ ಕೂತಿತು. ಎರಡನೇ ಅಂತಸ್ತಿನ ಕಿಟಕಿಗೆ ಸರಿಯಾಗಿ ಮೂತಿ. ಅಂಬ್ರೋಸಿ ಅಂಗಳದ ಮಕ್ಕಳನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿ, "ಈಗ ಹೇಳಿ, ನನ್ನ ಮಗಳು ಸುಳ್ಳು ಹೇಳಿದ್ಲಾ?" ಎಂದು ಕೇಳಿದ. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ನಮ್ಮಕ್ಕನೂ ಒಬ್ಬಳು.

ತ್ಸಿಯಾಲಕ್ಕ ಬೆಳೆದು, ತಲೆಮೇಲಿನ ಕರೆಂಟು ತಂತಿ ಹಿಡಿದು ಓಡುವ ಟ್ರಾಲಿಬಸ್ಸಿನ ಚಾಲಕಿಯಾದಳು. ಮಾಲುಗಣ್ಣಿನ ಹುಡುಗಿ ಊರಿನ ಅತಿ ಉದ್ದದ ಬಸ್ಸನ್ನು ಅತಿ ಕಿರಿದಾದ ಬೀದಿಯಲ್ಲಿ ಓಡಿಸುತ್ತಾಳೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ಮೈಕಿನಲ್ಲಿ ನಿಲ್ದಾಣಗಳ ಹೆಸರು ಹೇಳುತ್ತಾ ಬರುವಾಗ ಉಳಿದವನ್ನೆಲ್ಲ ಒಂದೇ ದನಿಯಲ್ಲಿ ಹೇಳಿ "ಜಿರಾಫೆ" ಎನ್ನುವಾಗ ಮಾತ್ರ ದನಿ ಎತ್ತುತ್ತಿದ್ದಳು. ಜೊತೆಯ ಚಾಲಕ ಗೆರೊಂತಿಯನ್ನು ಮದುವೆಯಾದಳು, ಒಬ್ಬಳು ಮಗಳಾದಳು, ಗೆರೊಂತಿ ಎದೆನೋವಿನಲ್ಲಿ ಹೋದ. ಅವಳು ಅಪ್ಪನ ಮನೆಗೇ ವಾಪಸ್ಸು ಬಂದು ಐದನೇ ಅಂತಸ್ತಿನಲ್ಲಿ ಸಂಸಾರ ನಡೆಸಿದಳು.

ಆಮೇಲೆ ದೇಶ ಒಡೆದು ಹೋಳಾದ ಆ ಕೆಟ್ಟ ವರ್ಷಗಳು ಬಂದವು. ಕರೆಂಟಿಲ್ಲ, ಗ್ಯಾಸಿಲ್ಲ, ಚಳಿಗೆ ಜನ ಉದ್ಯಾನದ ಮರ ಕಡಿದು ಒಲೆಗೆ ಹಾಕಿದರು. ಒಂದು ದಿನ ತ್ಸಿಯಾಲಕ್ಕನ ಟ್ರಾಲಿಬಸ್ಸು ಸರಿಯಾಗಿ ನಮ್ಮ ನಿಲ್ದಾಣಕ್ಕೆ ಬಂದಾಗಲೇ ತಂತಿಯಲ್ಲಿ ಕರೆಂಟು ಹೋಯಿತು, ತಿಂಗಳುಗಟ್ಟಲೆ ಬರಲಿಲ್ಲ. ಬಸ್ಸು ಅಲ್ಲೇ ನಿಂತಿತು. ಬಸ್ಸಿನ ತಾಮ್ರ ಕೀಳಲು, ಕಬ್ಬಿಣ ಕೀಳಲು ಜನ ಕಾಯುತ್ತಿದ್ದ ಕಾಲ ಅದು. ಅವಳು ಪ್ರತಿದಿನ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಂದು ಚಾಲಕನ ಸೀಟಿನಲ್ಲಿ ಕೂತು ಸಂಜೆಯವರೆಗೆ ಸ್ವೆಟರು ಹೆಣೆಯುತ್ತಿದ್ದಳು. ಸಂಬಳ ಬರುತ್ತಿರಲಿಲ್ಲ. ಯಾಕೆ ಬರ್ತೀಯಕ್ಕ ಎಂದು ಕೇಳಿದರೆ, ಕೆಲಸದಿಂದ ತೆಗೆದಿದ್ದೇವೆ ಅಂತ ಯಾರೂ ಹೇಳಿಲ್ಲವಲ್ಲ ಎನ್ನುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಮೂವರು ಕೈಗಾಡಿ ತಳ್ಳಿಕೊಂಡು, ಗ್ಯಾಸ್ ಕಟರ್ ಇಟ್ಟುಕೊಂಡು ಬಂದರು. ಜಿರಾಫೆಯ ಹೊಟ್ಟೆಯೊಳಗೆ ಎಷ್ಟು ಕಬ್ಬಿಣವಿದೆಯೆಂದು ಯಾರೋ ಅವರಿಗೆ ಹೇಳಿರಬೇಕು. ತ್ಸಿಯಾಲಕ್ಕ ಬಸ್ಸಿನಿಂದಿಳಿದು, ಮೇಲಿನ ತಂತಿಯಿಂದ ಬಸ್ಸಿನ ಕೋಲು ಕಳಚಿದಾಗ ಮತ್ತೆ ಎತ್ತಿ ಕೂರಿಸುವ ಉದ್ದನೆಯ ಗಳು ಹಿಡಿದುಕೊಂಡು ಹೋಗಿ ಜಿರಾಫೆಯ ಕಾಲುಗಳ ನಡುವೆ ನಿಂತಳು. ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ. ನಾನು ಅಂಗಡಿಯಿಂದ ರೊಟ್ಟಿ ತೆಗೆಯುವ ಕೊಕ್ಕೆ ಹಿಡಿದು ಓಡುವಷ್ಟರಲ್ಲಿ ಅವರು ಗಾಡಿ ತಿರುಗಿಸಿದ್ದರು. ಅಂಬ್ರೋಸಿ ತಾತ ಐದನೇ ಅಂತಸ್ತಿನ ಕಿಟಕಿಯಿಂದ ಎಲ್ಲಾ ನೋಡಿದ್ದ. ಆಮೇಲೆ ಕೆಳಗಿಳಿದು ಬಂದು ಮಗಳಿಗೆ ಬೈದನಂತೆ, ಕಬ್ಬಿಣಕ್ಕೋಸ್ಕರ ತಲೆ ಒಡೆಸಿಕೊಳ್ಳುತ್ತೀಯಾ ಎಂದು. ಆದರೆ ಬೈಯುವಾಗ ಕೈ ಅವಳ ಹೆಗಲ ಮೇಲಿತ್ತು. ಅದನ್ನು ಬಡಾವಣೆಯೆಲ್ಲ ನೋಡಿತು.

ಅಂಬ್ರೋಸಿ ತೀರಿಕೊಂಡ ಮೇಲೆ ಜಿರಾಫೆಯ ಆರೈಕೆ ಅವಳದಾಯಿತು. ಪ್ರತಿ ವಸಂತದಲ್ಲೂ ಬಕೆಟ್ಟು, ಕರಣೆ ಹಿಡಿದು ಬಂದು ಬಿರುಕುಗಳಿಗೆ ಗಾರೆ ಮೆತ್ತುವುದು, ಬಣ್ಣ ಹಚ್ಚುವುದು. ಪೆನ್ಶನ್ನು ಬಂದ ಮೇಲಂತೂ ಅದೇ ಕೆಲಸ. ನಮ್ಮ ಹುಡುಗರ ಮದುವೆಗಳಲ್ಲಿ ಹೆಣ್ಣು ಗಂಡು ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲೇ ಆದ್ದರಿಂದ, ಮದುವೆಗೆ ಮುಂಚೆ ಮನೆಯವರು ಬಂದು "ಅಕ್ಕ, ಸ್ವಲ್ಪ ಮುಖ ತೊಳ್ಸಿಡಕ್ಕ" ಎಂದು ಹೇಳಿ ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಕೆಳದವಡೆಯಿಂದ ಒಂದು ದಪ್ಪ ತುಂಡು ಕಳಚಿ ಬೆಂಚಿನ ಮೇಲೆ ಬಿತ್ತು. ನಮ್ಮ ಮುದುಕರು ನಾರ್ದಿ ಆಟದ ಹಲಗೆ ಇಟ್ಟುಕೊಂಡು ದಾಳ ಉರುಳಿಸುವ ಬೆಂಚು ಅದು. ಆಗಷ್ಟೇ ಮಳೆ ಹನಿದು ಎಲ್ಲರೂ ನನ್ನ ಅಂಗಡಿಯ ಮಾಡಿನಡಿ ಬಂದು ನಿಂತಿದ್ದರು. ಬೆಂಚಿನ ಹಲಗೆ ಎರಡಾಯಿತು. ಮುದುಕರು ಶಿಲುಬೆಯ ಗುರುತು ಮಾಡಿಕೊಂಡು, ಮಳೆಗೆ ಒಳ್ಳೆಯದಾಗಲಿ ಎಂದು ಒಂದು ಲೋಟ ಏರಿಸಿ, ಮಾರನೇ ದಿನ ಬೆಂಚಿಗೆ ಬೇರೆ ಹಲಗೆ ಹೊಡೆದು, ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಮತ್ತೆ ಆಟಕ್ಕೆ ಕೂತರು.

ಕೆಲವು ವಾರ ಬಿಟ್ಟು ನಗರ ಕಚೇರಿಯಿಂದ ಖತೂನಾ ಎಂಬ ಇಂಜಿನಿಯರ್ ಹೆಣ್ಣುಮಗಳು ಬಂದಳು. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಸುತ್ತ ಹಳದಿ ಪಟ್ಟಿ ಕಟ್ಟಿಸಿ, ತೆಗೆಯಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಬಡಾವಣೆ ಹೊತ್ತಿ ಉರಿಯಿತು. ಎಲ್ಲರಿಗಿಂತ ಹೆಚ್ಚು ಉರಿದವನು ಮುರ್ಮಾನ್ ಮಾಮ, ಅಂದು ಗಾರೆ ಕಲಸುತ್ತಿದ್ದ ಹುಡುಗ. ಈಗ ಎಪ್ಪತ್ತು ದಾಟಿದವನು, ಹೆಂಡತಿ ಇಲ್ಲ, ಮಂಡಿ ನೋವು, ಬಾಯಿ ಮಾತ್ರ ಚುರುಕು. ಯಾವನೋ ಹೊರಗಿನವನು ದೂರು ಕೊಟ್ಟಿದ್ದಾನೆ, ಜಾಗದ ಮೇಲೆ ಕಣ್ಣಿಟ್ಟಿದ್ದಾನೆ, ಅವನು ಸಿಕ್ಕರೆ ಸಿಮೆಂಟಿನಲ್ಲಿ ಹೂತು ಇನ್ನೊಂದು ಪ್ರಾಣಿ ಮಾಡುತ್ತೇನೆ ಎಂದು ಬೆಂಚಿನಲ್ಲಿ ಕೂಗಾಡುತ್ತಿದ್ದ. ತ್ಸಿಯಾಲಕ್ಕ ಕೈಯಲ್ಲಿ ರೊಟ್ಟಿ ಹಿಡಿದು ನನ್ನ ಅಂಗಡಿಯಿಂದ ಹೊರಟವಳು ಅವರ ಮುಂದೆ ನಿಂತಳು.

"ಸಿಮೆಂಟು ಹುಡುಕು ಮುರ್ಮಾನ್. ದೂರು ಕೊಟ್ಟಿದ್ದು ನಾನು."

ಮುರ್ಮಾನ್ ಮಾಮ ಅವಳನ್ನು ದಿಟ್ಟಿಸಿ ನೋಡಿ, ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಹೇಳಿದ: "ನಿನ್ನ ಕಣ್ಣು ಸರಿ ಮಾಡಿಸ್ದೋನು ಆ ಮನುಷ್ಯ. ಆ ಕಣ್ಣಲ್ಲೇ ಅವನ ಕೆಲಸ ಬೀಳೋದು ನೋಡ್ತೀಯಾ?"

ಅವಳು ರೊಟ್ಟಿ ಹಿಡಿದು ಮನೆಗೆ ಹೋದಳು. ಐದು ಅಂತಸ್ತು ಹತ್ತುವ ಅವಳ ಹೆಜ್ಜೆ ಅವತ್ತು ಬಹಳ ನಿಧಾನವಾಗಿತ್ತೆಂದು ಕೆಳಮನೆಯವರು ಹೇಳಿದರು.

ಮುಂದಿನ ದಿನಗಳು ಚೆನ್ನಾಗಿರಲಿಲ್ಲ. ಮುರ್ಮಾನ್ ಮಾಮ ಮನೆಯಿಂದ ಕುರ್ಚಿ ತಂದು ಹಳದಿ ಪಟ್ಟಿಯ ಒಳಗೆ, ಜಿರಾಫೆಯ ಹೊಟ್ಟೆಯ ಕೆಳಗೇ ಹಾಕಿಕೊಂಡು ಕೂತ. ತೆಗೆಯುವವರು ಮೊದಲು ತನ್ನನ್ನು ತೆಗೆಯಲಿ ಎಂದ. ಜನ ಅವನಿಗೆ ಕಾಳಿನ ಗೊಜ್ಜು ಲೋಬಿಯೊ, ಉಪ್ಪಿನಕಾಯಿ ತಂದುಕೊಟ್ಟರು. ಸಹಿ ಸಂಗ್ರಹವೂ ಆಯಿತು. ನಾನೂ ಹಾಕಿದೆ, ಸುಳ್ಳು ಯಾಕೆ. ತ್ಸಿಯಾಲಕ್ಕ ರೊಟ್ಟಿಗೆ ಬಂದರೆ ಸಾಲಿನಲ್ಲಿದ್ದವರು ಬೆನ್ನು ತಿರುಗಿಸುತ್ತಿದ್ದರು. ಅಪ್ಪನ ಹೆಸರು ಅಳಿಸುವ ಮಗಳು ಎಂದು ಬೆನ್ನ ಹಿಂದೆ ಅಂದರು, ಒಬ್ಬಿಬ್ಬರು ಮುಂದೆಯೇ ಅಂದರು. ಗಳು ಹಿಡಿದು ಕಳ್ಳರಿಂದ ಜಿರಾಫೆಯನ್ನು ಕಾಪಾಡಿದವಳು ಇವಳೇನಾ ಎಂದು ನಮ್ಮಕ್ಕ ಕೇಳಿದಳು. ತ್ಸಿಯಾಲಕ್ಕ ಎಲ್ಲವನ್ನೂ ಕೇಳಿಸಿಕೊಂಡು, ತಲೆ ಎತ್ತಿಯೇ ನಡೆದು ಹೋಗುತ್ತಿದ್ದಳು. ಖತೂನಾ ಇನ್ನೊಮ್ಮೆ ಬಂದು, ಇಷ್ಟು ಜನಕ್ಕೆ ತೆಗೆಯುವುದು ಬೇಡವಾದರೆ ಸ್ವಲ್ಪ ದಿನ ಬಿಡೋಣ, ಒಳಗಿನ ಕಬ್ಬಿಣ ಮಾತ್ರ ಉಳಿದಿಲ್ಲ, ಸರಿಪಡಿಸಲು ಏನೂ ಮಿಕ್ಕಿಲ್ಲ ಎಂದಳು. ಮುರ್ಮಾನ್ ಮಾಮ ಕುರ್ಚಿಯಲ್ಲಿ ಕೂತೇ ಅವಳಿಗೆ, "ನೀನು ಹುಟ್ಟೋಕ್ ಮುಂಚೆ ನಿಂತಿರೋದಮ್ಮ ಇದು, ನೀನು ಅಜ್ಜಿ ಆಗೋವರ್ಗೂ ನಿಂತಿರತ್ತೆ" ಎಂದು ಆಶೀರ್ವಾದ ಮಾಡಿ ಕಳಿಸಿದ.

ಭಾನುವಾರ ಬೆಳಿಗ್ಗೆ, ಒಲೆಯಿಂದ ಮೊದಲ ರೊಟ್ಟಿಗಳನ್ನು ತೆಗೆಯುತ್ತಿದ್ದೆ. ತ್ಸಿಯಾಲಕ್ಕ ಬಂದು ಎರಡು ಬಿಸಿ ರೊಟ್ಟಿ ತೆಗೆದುಕೊಂಡು ನೇರವಾಗಿ ಹಳದಿ ಪಟ್ಟಿ ದಾಟಿ ಹೋದಳು. ಒಂದು ರೊಟ್ಟಿ ಮುರ್ಮಾನ್ ಮಾಮನ ತೊಡೆಯ ಮೇಲಿಟ್ಟಳು. ಮಾಮ ಬೇರೆ ಕಡೆ ನೋಡಿದ. ಜಗಳವಾದರೆ ಬಿಡಿಸಬೇಕಲ್ಲ ಎಂದು ನಾನೂ ಹಿಂದೆ ಹೋದೆ.

"ಕೈ ಕೊಡು" ಎಂದಳು ಅವಳು.

"ಯಾಕೆ, ಮದ್ವೆ ಆಗ್ತೀಯಾ?"

"ನಿನ್ನ ಮಂಡಿಗೆ ಯಾವಳು ಗಂಟು ಬೀಳ್ತಾಳೆ. ಕೊಡು ಅಂದ್ರೆ ಕೊಡು."

ಅವನ ಕೈ ಹಿಡಿದೆಬ್ಬಿಸಿ ಹಿಂಗಾಲಿನ ಹತ್ತಿರ ಕರೆದುಕೊಂಡು ಹೋದಳು. ಅವಳೇ ಮೆತ್ತಿ ಮೆತ್ತಿ ಬಣ್ಣ ಹಚ್ಚಿದ್ದ ಜಾಗ, ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು. ಅವನ ಅಂಗೈಯನ್ನು ಅದರ ಮೇಲಿಟ್ಟು, ತನ್ನ ಅಂಗೈಯನ್ನು ಅವನ ಕೈಮೇಲಿಟ್ಟು ಒತ್ತಿದಳು. ಕಾಲು ಅಲುಗಿತು. ಒಳಗಿನಿಂದ ಮರಳು ಸುರಿದಂಥ ಸದ್ದು ಬಂತು, ಬಹಳ ಹೊತ್ತು ಬಂತು.

ಮುರ್ಮಾನ್ ಮಾಮ ಕೈ ತೆಗೆಯಲಿಲ್ಲ. ಇನ್ನೊಮ್ಮೆ ತಾನೇ ಒತ್ತಿ ನೋಡಿದ. ಆಮೇಲೆ ತಾನು ಇಷ್ಟು ದಿನ ಹಾಕಿಕೊಂಡಿದ್ದ ಕುರ್ಚಿಯನ್ನು ನೋಡಿದ.

"ಯಾವಾಗಿಂದ?"

"ಮೂರು ವಸಂತ ಆಯ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಜ ಆಗ್ಬಿಡ್ತಿತ್ತಲ್ಲೋ. ಮೆತ್ತುತ್ತಾ ಇದ್ರೆ ಹೆಂಗೋ ನಡೆಯತ್ತೆ ಅಂದ್ಕೊಂಡೆ. ದವಡೆ ಬಿತ್ತಲ್ಲ ಅವತ್ತು, ಮಳೆ ಬರ್ದೇ ಇದ್ದಿದ್ರೆ ಆ ಬೆಂಚಲ್ಲಿ ನೀನು ಕೂತಿರ್ತಿದ್ದೆ."

ಅವಳು ಮಾತು ಮುಂದುವರಿಸಿದಳು. ಕಾರ್ಖಾನೆಯಲ್ಲಿ ಒಮ್ಮೆ ಅಪ್ಪ ಮೆಟ್ಟಿಲ ಚಪ್ಪಡಿಯನ್ನು ಒಡೆದು ಹಾಕಿದ್ದು ನೆನಪಿದೆಯಾ ಎಂದು ಕೇಳಿದಳು. ಕೂದಲೆಳೆಯಂಥ ಬಿರುಕಿತ್ತು, ಮ್ಯಾನೇಜರು ಅಡ್ಡಿಯಿಲ್ಲ ಕಳಿಸು ಅಂದಿದ್ದ. ಅಂಬ್ರೋಸಿ ದೊಡ್ಡ ಸುತ್ತಿಗೆ ತಂದು ತನ್ನ ಮೂರು ದಿನದ ಕೆಲಸವನ್ನು ಪುಡಿ ಮಾಡಿದ.

"ನೆನಪಿದೆ" ಎಂದ ಮುರ್ಮಾನ್ ಮಾಮ. "ಆ ಗಾರೆ ಕಲಸ್ದೋನು ನಾನೇ. ಪುಡೀನೂ ನನ್ ಕೈಲೇ ಗುಡಿಸಿಸ್ದ."

"ಹಂಗಾದ್ರೆ ಹೇಳು. ಇವತ್ತು ಇಲ್ಲಿ ಅಪ್ಪ ಇದ್ದಿದ್ರೆ ನಿನ್ನ ಕುರ್ಚಿ ಪಕ್ಕ ಇನ್ನೊಂದು ಕುರ್ಚಿ ಹಾಕ್ತಿದ್ನಾ, ಸುತ್ತಿಗೆ ತರ್ತಿದ್ನಾ?"

ಮುರ್ಮಾನ್ ಮಾಮ ಕಣ್ಣೊರೆಸಿಕೊಂಡ. ರೊಟ್ಟಿ ಆರಿ ಹೋಗುತ್ತದೆ ಎಂದು ಸಿಡುಕಿ, ಒಂದು ತುಂಡು ಮುರಿದು ಅವಳಿಗೂ ಒಂದು ತುಂಡು ನನಗೂ ಕೊಟ್ಟು, ಕುರ್ಚಿ ಎತ್ತಿಕೊಂಡು ಮನೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಸಹಿ ಹಾಕಿದವರ ಮನೆಗಳಿಗೆಲ್ಲ ತಾನೇ ಹತ್ತಿ ಇಳಿದು, ಸಹಿ ವಾಪಸ್ಸು ತಗೊಳ್ಳಿ ಎಂದು ಗದರಿಸಿ ಬಂದಿದ್ದ, ಆ ಮಂಡಿಯಲ್ಲಿ.

ಕೆಲಸದವರು ಬರುವ ಮುಂಚಿನ ದಿನ ತ್ಸಿಯಾಲಕ್ಕನ ಕೋರಿಕೆಯಂತೆ ಖತೂನಾ ಸುತ್ತ ಅಟ್ಟಣೆ ಕಟ್ಟಿಸಿ, ಕಾಲುಗಳಿಗೆ ದಪ್ಪ ಮರದ ಆಸರೆ ಕೊಡಿಸಿದಳು. ಬಡಾವಣೆಯವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ತಟ್ಟೆಯ ಚೂರು ಬಿಡಿಸಿಕೊಳ್ಳಲಿ ಎಂದು. ಜನ ಉಳಿ, ಚಾಕು, ಕೆಲವರು ಊಟದ ಚಮಚವನ್ನೇ ಹಿಡಿದು ಬಂದರು. ಇದು ನಮ್ಮತ್ತೆಯದು, ಇದಲ್ಲ ಅದು ನಿಮ್ಮತ್ತೆಯದು ಎಂಬ ಸಣ್ಣಪುಟ್ಟ ಜಗಳಗಳೂ ಆದವು. ರಷ್ಯಾದಲ್ಲಿ ನೆಲೆಸಿರುವ ಮನೆಯವರ ಚೂರುಗಳನ್ನು ಪಕ್ಕದ ಮನೆಯವರು ಎತ್ತಿಟ್ಟರು. ನಮ್ಮಜ್ಜಿಯ ಬೋಗುಣಿಯ ಚೂರನ್ನು ನಾನು ಒಲೆಯ ಪಕ್ಕದ ಗೋಡೆಗೆ ಕೂರಿಸಿದ್ದೇನೆ, ಬಂದವರು ನೋಡಬಹುದು. ತ್ಸಿಯಾಲಕ್ಕ ಮಾತ್ರ ಯಾವ ಚೂರನ್ನೂ ತೆಗೆದುಕೊಳ್ಳಲಿಲ್ಲ. ಅಟ್ಟಣೆಯ ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದಳು, ಹತ್ತುವವರಿಗೆ ಜೋಪಾನ ಹೇಳುತ್ತಾ.

ಮಾರನೇ ದಿನ ಕ್ರೇನು ಬಂತು. ತಲೆಗೆ ಪಟ್ಟಿ ಬಿಗಿದು, ಕೊಯ್ದು, ಮೆಲ್ಲಗೆ ಇಳಿಸಿದರು. ಅದು ಗಾಳಿಯಲ್ಲಿ ಒಂದು ಸುತ್ತು ತಿರುಗಿ ಎಲ್ಲರ ಕಡೆಯೂ ನೋಡಿದಂತಾಯಿತು. ಹೆಂಗಸರು ಕೆಲವರು ಅತ್ತರು. ನಂತರ ಇಡೀ ಕತ್ತನ್ನು ಇಳಿಸಿ ನೆಲದ ಮೇಲೆ ಮಲಗಿಸಿದರು. ಕಾಲುಗಳಿಗೆ ಯಂತ್ರ ಬೇಕಾಗಲೇ ಇಲ್ಲ, ಆಸರೆ ತೆಗೆಯುತ್ತಿದ್ದಂತೆ ಕುಸಿದವು. ಒಳಗಿನ ಕಂಬಿ ಇದ್ದ ಜಾಗದಲ್ಲಿ ತುಕ್ಕಿನ ಪುಡಿ, ಬೆರಳಲ್ಲಿ ಉಜ್ಜಿದರೆ ಕೆಂಪು. ಅದನ್ನು ನೋಡಿದ ಮೇಲೆ ಯಾರೂ ತ್ಸಿಯಾಲಕ್ಕನ ಮುಖ ನೋಡಲಿಲ್ಲ, ನಾಚಿಕೆಯಾಗಿ. ಹಗಲಿಡೀ ಮಕ್ಕಳು ಓಡಾಡುತ್ತಿದ್ದುದು ಇವುಗಳ ನಡುವೆಯೇ.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಕತ್ತನ್ನು ಲಾರಿಗೆ ಹಾಕಬೇಕಾದರೆ ತುಂಡು ಮಾಡಬೇಕಿತ್ತು. ದಪ್ಪನೆಯ ತರುಣನೊಬ್ಬ ಕಾಂಕ್ರೀಟು ಒಡೆಯುವ ಯಂತ್ರ ಇಟ್ಟು ಒತ್ತಿದ. ಯಂತ್ರ ಕುಣಿದು ಪಕ್ಕಕ್ಕೆ ಜಾರಿತು. ಇನ್ನೊಂದು ಕಡೆ ಇಟ್ಟ. ಬಿಳಿ ಗೀರು ಬಿತ್ತು ಅಷ್ಟೇ. ಕತ್ತು ನೆಟ್ಟಗೆ ನಿಂತಿದ್ದರಿಂದ ಮಳೆ ನೀರು ಅದರ ಮೇಲೆ ನಿಲ್ಲದೆ ಕೆಳಗೆ ಹೊಟ್ಟೆ, ಕಾಲುಗಳಿಗೆ ಇಳಿದುಹೋಗಿ, ಅಷ್ಟು ಭಾಗ ಅಂಬ್ರೋಸಿ ಎರಕ ಹಾಕಿದ ದಿನ ಹೇಗಿತ್ತೋ ಹಾಗೇ ಉಳಿದಿತ್ತು. ತರುಣ ಬೆವರೊರೆಸಿಕೊಂಡ, ಉಳಿ ಬದಲಿಸಿದ, ಇನ್ನೊಬ್ಬನನ್ನು ಕರೆದ. ಮಧ್ಯಾಹ್ನ ಕಳೆಯಿತು. ಕತ್ತು ಮಲಗಿಯೇ ಇತ್ತು.

ಮುರ್ಮಾನ್ ಮಾಮ ಬೆಂಚಿನಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದ. "ಒಡೀರಪ್ಪ, ಒಡೀರಿ. ಅವಸರ ಏನಿಲ್ಲ. ರಾತ್ರಿ ಊಟಕ್ಕೆ ನಮ್ಮನೇಗೇ ಬನ್ನಿ, ನಾಳೇನೂ ಒಡೀಬಹುದು" ಎಂದ. ಮುದುಕರು ನಗತೊಡಗಿದರು. ಅಷ್ಟು ದಿನಗಳ ಮೇಲೆ ಆ ಬೆಂಚಿನಲ್ಲಿ ಕೇಳಿದ ಮೊದಲ ನಗು. ಕೆಲಸದವರ ಮೇಸ್ತ್ರಿ ಬಂದು ಬಗ್ಗಿ, ಕೊಯ್ದ ಭಾಗವನ್ನು ಕೈಯಲ್ಲಿ ಸವರಿ ನೋಡಿದ. ಜಲ್ಲಿ ಎಷ್ಟು ಒತ್ತಾಗಿ ಕೂತಿತ್ತೆಂದರೆ ನಡುವೆ ಸೂಜಿಗೂ ಜಾಗವಿರಲಿಲ್ಲ. ಅವನು ಎದ್ದು, ಟೋಪಿ ಹಿಂದಕ್ಕೆ ಸರಿಸಿ ಕೇಳಿದ, "ಇದನ್ನ ಯಾರು ಹಾಕಿದ್ದು?"

ಉತ್ತರ ಯಾರು ಹೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ತ್ಸಿಯಾಲಕ್ಕ ಗುಂಪಿನ ಹಿಂದಿನಿಂದ ಮುಂದೆ ಬಂದಳು.

"ನಮ್ಮಪ್ಪ" ಎಂದಳು. "ಅಂಬ್ರೋಸಿ ಗ್ವೆನೆತಾದ್ಜೆ. ಗಾರೆ ಕಲಸಿದ್ದು, ಇಗೋ ಇಲ್ಲಿ ಕೂತಿದಾನಲ್ಲ, ಇವನು."

ಮೇಸ್ತ್ರಿ ಮುರ್ಮಾನ್ ಮಾಮನ ಹತ್ತಿರ ಹೋಗಿ ಕೈ ಕುಲುಕಿದ. ಮಾಮ ಎದ್ದು ನಿಂತ. ಮಂಡಿ ನೋವಿನ ಮನುಷ್ಯ ಒಂದೇ ಸಲಕ್ಕೆ ಎದ್ದು ನಿಂತದ್ದು ನಾನು ಅವತ್ತೇ ನೋಡಿದ್ದು. ಕತ್ತು ತುಂಡಾಗಲು ಕತ್ತಲಾಗುವವರೆಗೆ ಹಿಡಿಯಿತು. ಬಡಾವಣೆಯಲ್ಲಿ ಯಾರೂ ಮನೆಗೆ ಹೋಗಲಿಲ್ಲ. ತೆಗೆಯುವುದನ್ನು ನೋಡಲು ಬಂದವರು ತೆಗೆಯಲಾಗದ್ದನ್ನು ನೋಡುತ್ತಾ ನಿಂತಿದ್ದರು. ಪ್ರತಿಸಲ ಯಂತ್ರ ಜಾರಿದಾಗಲೂ ಮುದುಕಿಯರು ತಮ್ಮ ಮಗನೇ ಪರೀಕ್ಷೆಯಲ್ಲಿ ಗೆದ್ದಂತೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಅದೇ ಜಾಗದಲ್ಲಿ ಉದ್ದಕ್ಕೆ ಮೇಜು ಹಾಕಿ ದೊಡ್ಡ ಊಟ. ಸತ್ತವರ ಊಟವೂ ಅಲ್ಲ, ಮದುವೆಯದೂ ಅಲ್ಲ, ಏನೆಂದು ಕರೆಯುವುದೋ ತಿಳಿಯದ ಊಟ. ಮನೆಮನೆಯಿಂದ ಚೀಸ್ ತುಂಬಿದ ಖಾಚಪುರಿ ಬಂತು, ಕೋಳಿ ಬಂತು, ನಾನು ಒಲೆ ಆರಲು ಬಿಡಲಿಲ್ಲ, ಅತ್ತ ಹಳ್ಳಿಯಿಂದ ಯಾರೋ ದ್ರಾಕ್ಷಿ ಮದ್ಯದ ದೊಡ್ಡ ಜಾಡಿ ತರಿಸಿದ್ದರು. ಇಂಥ ಊಟಕ್ಕೆ ಒಬ್ಬ ತಮಾದಾ ಬೇಕು. ಲೋಟ ಎತ್ತುವ ಮುಂಚೆ ಪ್ರತಿಸಲವೂ ತಕ್ಕ ಮಾತಾಡಿ ಮೇಜನ್ನು ನಡೆಸುವ ಹಿರಿಯ. ಎಲ್ಲರೂ ಮುರ್ಮಾನ್ ಮಾಮನನ್ನು ಆರಿಸಿದರು. ಅವನು ಎದ್ದು ಲೋಟ ಹಿಡಿದು, ಗಂಟಲು ಸರಿಮಾಡಿಕೊಂಡು, ಮೇಜಿನ ಆ ತುದಿಯವರೆಗೆ ನಡೆದು ಹೋಗಿ ಲೋಟವನ್ನು ತ್ಸಿಯಾಲಕ್ಕನ ಮುಂದಿಟ್ಟ.

"ನಮ್ಮ ಬಡಾವಣೇಲಿ ಇದುವರ್ಗೂ ಹೆಂಗಸು ತಮಾದಾ ಆಗಿಲ್ಲ, ಗೊತ್ತು ನಂಗೆ. ಹಂಗೇ ಅಪ್ಪನ ಕೆಲ್ಸಾನ ತಾನೇ ಇಳ್ಸಿದ ಮಗಳೂ ಇದುವರ್ಗೂ ಇರ್ಲಿಲ್ಲ. ಏಳಮ್ಮ, ಮೇಜು ನಿಂದು."

ಅವಳು ಬೇಡವೆಂದು ನಾಟಕ ಮಾಡಲಿಲ್ಲ. ಎದ್ದು ನಿಂತು, ಮೊದಲು ದೇವರಿಗೆ, ಆಮೇಲೆ ಶಾಂತಿಗೆ, ಆಮೇಲೆ ಸತ್ತವರಿಗೆ, ಕ್ರಮ ತಪ್ಪದೆ ಲೋಟ ಎತ್ತಿಸಿದಳು. ನಾಲ್ಕನೆಯದಕ್ಕೆ ತಾನೇ ಲೋಟ ತುಂಬಿಕೊಂಡಳು. ಟ್ರಾಲಿಬಸ್ಸಿನ ಮೈಕಿನಲ್ಲಿ ಕೇಳುತ್ತಿದ್ದ ದನಿಯಲ್ಲೇ ಹೇಳಿದಳು:

"ನಮ್ಮಪ್ಪ ಕಟ್ಟಿದ್ದು ಇಲ್ಲಿ ಐವತ್ತು ವರ್ಷ ನಿಂತಿತ್ತು. ಭೂಕಂಪ ಬಂತು, ಯುದ್ಧ ಬಂತು, ಕಳ್ಳರು ಬಂದ್ರು. ಅಷ್ಟು ವರ್ಷದಲ್ಲಿ ಒಂದು ಮಗೂಗೂ ಅದ್ರಿಂದ ಗಾಯ ಆಗ್ಲಿಲ್ಲ. ಇನ್ಮೇಲೂ ಆಗಲ್ಲ. ಇದಕ್ಕಿಂತ ದೊಡ್ಡ ಹೆಸರು ಕಟ್ಟೋನಿಗೆ ಯಾವ್ದಿದೆ ಹೇಳಿ. ನಾನು ಅವನ ಹೆಸರು ಅಳಿಸ್ಲಿಲ್ಲ ಕಣ್ರೋ. ಹಾಳಾಗೋಕ್ ಮುಂಚೆ ಎತ್ತಿಟ್ಟೆ."

ಮುರ್ಮಾನ್ ಮಾಮ ಮೊದಲು ಎದ್ದ. ಆಮೇಲೆ ಇಡೀ ಮೇಜು ಎದ್ದು ನಿಂತು ಕುಡಿಯಿತು. ನಮ್ಮಕ್ಕ, ಆ ದಿನ ಸಾಲಿನಲ್ಲಿ ನಿಂತಿದ್ದವಳು, ತ್ಸಿಯಾಲಕ್ಕನ ಹತ್ತಿರ ಹೋಗಿ ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಹುಡುಗಿಯರ ಹಾಗೆ ನಕ್ಕರು. ಏನು ಹೇಳಿದೆ ಎಂದು ಕೇಳಿದರೆ ಇಂದಿಗೂ ಹೇಳುವುದಿಲ್ಲ.

ಈಗ ತ್ಸಿಯಾಲಕ್ಕನಿಗೆ ಅರವತ್ತೆಂಟು. ಬೆಳಿಗ್ಗೆ ರೊಟ್ಟಿಗೆ ಬಂದಾಗ ಸಾಲಿನಲ್ಲಿ ಜನ ಜಾಗ ಬಿಡುತ್ತಾರೆ, ಅವಳು ಮಾತ್ರ ಬಿಟ್ಟ ಜಾಗಕ್ಕೆ ಹೋಗದೆ ತನ್ನ ಸರದಿಗೇ ಕಾಯುತ್ತಾಳೆ. ಬಡಾವಣೆಯಲ್ಲಿ ಬಾಲ್ಕನಿ ಬಿರುಕು ಬಿಟ್ಟರೆ, ಕಟಕಟೆ ಅಲುಗಿದರೆ ಅವಳನ್ನೇ ಕರೆಯುತ್ತಾರೆ. ಬಂದು ಕೈಯಿಟ್ಟು ನೋಡಿ, ಖತೂನಾಗೆ ಫೋನು ಮಾಡುತ್ತಾಳೆ. ಬಯಲಾದ ಜಾಗದಲ್ಲಿ ಏನು ಮಾಡಬೇಕೆಂಬ ಚರ್ಚೆ ಬೆಂಚಿನಲ್ಲಿ ಇನ್ನೂ ಮುಗಿದಿಲ್ಲ. ಮುರ್ಮಾನ್ ಮಾಮನಿಗೆ ನೀರುಕುದುರೆ ಮಾಡಬೇಕೆಂದಾಸೆ. ಕುಳ್ಳಗೆ, ದಪ್ಪಗೆ ಇರುತ್ತದೆ, ಬೀಳುವ ಭಯವಿಲ್ಲ, ಮಕ್ಕಳು ಹತ್ತಿ ಕೂರಬಹುದು ಎನ್ನುತ್ತಾನೆ. ತ್ಸಿಯಾಲಕ್ಕ ದಿನಾ ಬೇಡವೆನ್ನುತ್ತಾಳೆ, ಮಕ್ಕಳಿಗೆ ಬಯಲೇ ಸಾಕು ಎನ್ನುತ್ತಾಳೆ. ಮೊನ್ನೆ ಮಾತ್ರ, ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಂಚಿನ ಮುಂದೆ ನಿಂತು, ನೀರುಕುದುರೆಯ ಬಾಯಿ ತೆರೆದಿರುತ್ತದೋ ಮುಚ್ಚಿರುತ್ತದೋ ಎಂದು ಕೇಳುತ್ತಿದ್ದಳು.